ಮಲೆನಾಡ ನೀರಿಗೆ ಹೊಂದೋ ಮೀನು: ಎರಡಡಿ ಟ್ಯಾಂಕ್ ಶುರು ಮಾಡೋರಿಗೆ

ಬೆಳಿಗ್ಗೆ ಟ್ಯಾಂಕ್ ತಂದು, ಮಧ್ಯಾಹ್ನ ಕಲ್ಲು ಹಾಕಿ ನೀರು ತುಂಬಿ, ಸಂಜೆ ಹೊತ್ತಿಗೆ ಹತ್ತು ಗಪ್ಪಿ, ಎರಡು ಗೋಲ್ಡ್ ಫಿಶ್, ಗಾಜು ಕ್ಲೀನ್ ಮಾಡೋಕೆ ಅಂತ ಒಂದು ಸಕ್ಕರ್ ಬಿಟ್ಟು, ರಾತ್ರಿ ಲೈಟ್ ಹಾಕಿ ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕ್ಕೊಂಡೋನು ನಾನು. ಎಂಟು ದಿನಕ್ಕೆ ಉಳಿದಿದ್ದು ಸಕ್ಕರ್ ಒಂದೇ. ಅಂಗಡಿಗೆ ಹೋಗಿ ಕೇಳಿದ್ರೆ "ನೀರು ಚೇಂಜ್ ಮಾಡಿದ್ರಾ? ಅದಕ್ಕೇ" ಅಂದ್ರು. ಇನ್ನೊಂದು ಅಂಗಡೀಲಿ "ನೀರು ಚೇಂಜ್ ಮಾಡಿಲ್ವಾ? ಅದಕ್ಕೇ" ಅಂದ್ರು.

ಆಮೇಲೆ ವಿಡಿಯೋ ನೋಡೋಕೆ ಶುರು ಮಾಡ್ದೆ. ಎಲ್ರದ್ದೂ ಒಂದೇ ಮಾತು, ಹೊಸಬ್ರಿಗೆ ಗಪ್ಪಿ, ಮೋಲಿ ಬೆಸ್ಟು ಅಂತ. ಅವ್ರು ಹೇಳೋದು ಸುಳ್ಳಲ್ಲ, ಆದ್ರೆ ಅವ್ರ ನೀರು ಬೇರೆ ನಮ್ಮ ನೀರು ಬೇರೆ. ಬಯಲುಸೀಮೆ ಬೋರ್‌ವೆಲ್ ನೀರಲ್ಲಿ ಕುಣಿದಾಡೋ ಮೋಲಿ ನಮ್ಮ ತೀರ್ಥಹಳ್ಳಿ ಕಡೆ ಬಾವಿ ನೀರಿಗೆ ಬಂದ್ರೆ ರೆಕ್ಕೆ ಮುದುರ್ಕೊಂಡು ಒಂದು ಮೂಲೇಲಿ ನಿಂತಲ್ಲೇ ಅಲ್ಲಾಡ್ತಾ ಇರುತ್ತೆ. ಹಾಗಾಗಿ ಇಲ್ಲಿ ನಾನು ಹೇಳೋ ಕ್ರಮ ಸ್ವಲ್ಪ ಉಲ್ಟಾ: ಮೊದ್ಲು ನೀರು, ಆಮೇಲೆ ಮೀನು.

ಟ್ಯಾಂಕ್ ಮತ್ತೆ ಜಾಗ

ಬೌಲ್ ಬೇಡ, ಒಂದಡಿ ಟ್ಯಾಂಕೂ ಬೇಡ. ಸಣ್ಣದು ಸುಲಭ ಅನ್ನೋದು ತಪ್ಪು ಲೆಕ್ಕ, ನೀರು ಕಮ್ಮಿ ಇದ್ದಷ್ಟೂ ಅದು ಬೇಗ ಕೆಡುತ್ತೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ್ದು ತಗೊಳ್ಳಿ. ಪೂರ್ತಿ ತುಂಬಿದ್ರೆ 56 ಲೀಟರ್ ಹಿಡಿಯುತ್ತೆ, ಕಲ್ಲು ಮರಳು ಹಾಕಿ ಮೇಲೆ ಎರಡು ಬೆರಳು ಬಿಟ್ರೆ ನಿಜವಾದ ನೀರು 45 ಲೀಟರ್ ಆಸುಪಾಸು. ಎಲ್ಲಾ ಸೇರಿ ಎಪ್ಪತ್ತು ಕೆಜಿ ಹತ್ರ ಹತ್ರ ಬರುತ್ತೆ, ಅಂದ್ರೆ ಒಬ್ಬ ದೊಡ್ಡ ಆಳು ಹಗಲು ರಾತ್ರಿ ಅಲ್ಲೇ ಕೂತಂಗೆ. ಟಿವಿ ಸ್ಟ್ಯಾಂಡ್ ಮೇಲೆ ಇಡೋ ಮುಂಚೆ ಈ ಲೆಕ್ಕ ನೆನಪಿರ್ಲಿ.

ಟ್ಯಾಂಕ್ ಅಡಿಗೆ ಥರ್ಮಾಕೋಲ್ ಶೀಟ್ ಹಾಕಿ. ಹಳೇ ಮನೆಗಳ ನೆಲ ಸಮ ಇರಲ್ಲ, ಅದಕ್ಕೆ ನಾಲ್ಕಿಂಚು ನೀರು ಹಾಕಿ ಎರಡೂ ತುದೀಲಿ ಸ್ಕೇಲ್ ಹಿಡಿದು ನೋಡಿ, ಒಂದು ಕಡೆ ಜಾಸ್ತಿ ಬಂದ್ರೆ ಟೇಬಲ್ ಕಾಲಿಗೆ ಏನಾದ್ರೂ ಕೊಟ್ಟು ಸಮ ಮಾಡಿ. ಬಿಸಿಲು ಬೀಳೋ ಕಿಟಕಿ ಹತ್ರ ಇಟ್ರೆ ಪಾಚಿ ಕಟ್ಟುತ್ತೆ. ಸೊಳ್ಳೆ ಸ್ಪ್ರೇ ಹೊಡೆಯೋ ರೂಮಲ್ಲಿ ಇಡ್ಲೇಬೇಡಿ, ಏರ್ ಪಂಪ್ ರೂಮಿನ ಗಾಳೀನೇ ಎಳೆದು ನೀರಿಗೆ ಬಿಡೋದು.

ಹೊಳೆ ಕಲ್ಲು, ಹೊಳೆ ಮರಳು ಹಾಕ್ಬಹುದು, ಮರಳನ್ನ ಬಕೆಟಲ್ಲಿ ತಿಳಿ ನೀರು ಬರೋವರೆಗೂ ತೊಳೀಬೇಕು, ನಂಗೆ ಹದಿನೈದು ಸಲ ಆಯ್ತು. ಕಲ್ಲಿನ ಮೇಲೆ ನಾಲ್ಕು ಹನಿ ವಿನೆಗರ್ ಬಿಟ್ಟು ನೋಡಿ, ಬುರುಗು ಬಂದ್ರೆ ಅದ್ರಲ್ಲಿ ಸುಣ್ಣದ ಅಂಶ ಇದೆ ಅಂತ. ಬೇರೆ ಊರಲ್ಲಿ ಆ ಕಲ್ಲು ಎಸೀಬೇಕು, ನಮ್ಮೂರಲ್ಲಿ ಒಂದೆರಡು ಇದ್ರೆ ಒಳ್ಳೇದೇ. ಯಾಕೆ ಅಂತ ಈಗ ಹೇಳ್ತೀನಿ.

ನಿಮ್ಮನೆ ನೀರು ಯಾವ್ದು?

ಕಿಟ್ ಇಲ್ದೇನೂ ಒಂದು ಅಂದಾಜು ಸಿಗುತ್ತೆ. ಸ್ನಾನ ಮಾಡುವಾಗ ಸೋಪು ಬೇಗ ನೊರೆ ಬಂದು, ಎಷ್ಟು ಚೆಂಬು ನೀರು ಹಾಕ್ಕೊಂಡ್ರೂ ಮೈ ಜಾರ್ತಾನೇ ಇದ್ರೆ ಅದು ಮೆದು ನೀರು. ಸೋಪು ನೊರೆನೇ ಬರ್ದೆ, ನೀರು ಕಾಯ್ಸೋ ಪಾತ್ರೆ ತಳದಲ್ಲಿ ಬಿಳಿ ಪದರ ಕಟ್ತಿದ್ರೆ ಗಡಸು ನೀರು. ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆ ಬಾವಿ ನೀರು, ಗುಡ್ಡದಿಂದ ಇಳಿದು ಬರೋ ಅಬ್ಬಿ ನೀರು ಹೆಚ್ಚಾಗಿ ಮೆದು. ಶಿವಮೊಗ್ಗ ಸಿಟೀಲಿ ನಲ್ಲೀಲಿ ಬರೋದು ತುಂಗೆ ನೀರು, ಅದೂ ಮೆದು ಕಡೆಗೇ. ಆದ್ರೆ ಅದೇ ಸಿಟೀಲಿ ಬೋರ್ ನೀರು ಗಡಸಿರ್ಬಹುದು, ಬೋರಿಂದ ಬೋರಿಗೂ ವ್ಯತ್ಯಾಸ ಇರುತ್ತೆ, ಅದಕ್ಕೆ ಪಕ್ಕದ ಮನೆಯವ್ರನ್ನ ಕೇಳೋ ಬದ್ಲು ನಿಮ್ಮನೆ ನೀರೇ ನೋಡಿ. ಪಿಎಚ್ (ನೀರಿನ ಆಮ್ಲದ ಅಳತೆ, ಕಮ್ಮಿ ಆದಷ್ಟೂ ಆಮ್ಲ ಜಾಸ್ತಿ), ಅಮೋನಿಯಾ, ನೈಟ್ರೈಟ್ ನೋಡೋ ಹನಿ ಕಿಟ್ ಮಾತ್ರ ದುಡ್ಡು ಕೊಟ್ಟು ತಗೊಳ್ಳಿ, ಪ್ಲಾಸ್ಟಿಕ್ ಅರಮನೆ, ಗುಳ್ಳೆ ಬಿಡೋ ಕಪ್ಪೆ ಆಮೇಲೆ ತಂದ್ರಾಯ್ತು.

ಮೆದು ನೀರಿನ ತಾಪತ್ರಯ ಏನಂದ್ರೆ ಅದಕ್ಕೆ ತಡ್ಕೊಳ್ಳೋ ಶಕ್ತಿ ಕಮ್ಮಿ. ಟ್ಯಾಂಕಲ್ಲಿ ದಿನಾ ಸ್ವಲ್ಪ ಸ್ವಲ್ಪ ಆಮ್ಲ ಹುಟ್ತಾನೇ ಇರುತ್ತೆ, ಗಡಸು ನೀರಲ್ಲಿ ಇರೋ ಸುಣ್ಣದ ಅಂಶ ಅದನ್ನ ಕುಡಿದು ಬಿಡುತ್ತೆ, ನಮ್ಮ ನೀರಲ್ಲಿ ಅದಿಲ್ದೆ ಒಂದೆರಡು ತಿಂಗಳಾದ್ಮೇಲೆ ಪಿಎಚ್ ದಬಕ್ಕಂತ ಕೆಳಗೆ ಬೀಳುತ್ತೆ. ಎಲ್ಲಾ ಸರಿ ಇತ್ತು, ಇದ್ದಕ್ಕಿದ್ದಂಗೆ ಒಂದು ದಿನ ಎಲ್ಲಾ ಹೋದ್ವು ಅಂತಾರಲ್ಲ, ಅದ್ರಲ್ಲಿ ಎಷ್ಟೋ ಇದೇ ಕತೆ. ಪರಿಹಾರ ಸುಲಭ: ಕಪ್ಪೆಚಿಪ್ಪು ಚೆನ್ನಾಗಿ ಕುದಿಸಿ, ಒಣಗಿಸಿ, ಕುಟ್ಟಿ ಒಂದು ಹಿಡಿ ನೆಟ್ ಬಟ್ಟೇಲಿ ಕಟ್ಟಿ ಫಿಲ್ಟರ್ ಪಕ್ಕ ಇಡಿ, ಬೇಕಾದಷ್ಟೇ ಕರಗ್ತಾ ಹೋಗುತ್ತೆ. ಸುಣ್ಣ ಬೇಕಲ್ಲ ಅಂತ ಎಲೆ ಅಡಿಕೆ ತಟ್ಟೆಯಿಂದ ಒಂದು ಚಿಟಿಕೆ ತೆಗೆದು ಹಾಕ್ಬೇಡಿ ಮತ್ತೆ, ಅದು ಪಿಎಚ್‌ನ ಒಂದೇ ಏಟಿಗೆ ಆಕಾಶಕ್ಕೆ ಏರಿಸಿ ಮೀನು ಸುಟ್ಟಂಗಾಗುತ್ತೆ.

ನಲ್ಲಿ ನೀರಲ್ಲಿ ಕ್ಲೋರಿನ್ ಇರುತ್ತೆ. ಬಕೆಟಲ್ಲಿ ತೆರೆದಿಟ್ಟು 24 ಗಂಟೆ ಬಿಡಿ, ಅಥವಾ ಅಂಗಡೀಲಿ ಸಿಗೋ ಆ್ಯಂಟಿ ಕ್ಲೋರಿನ್ ಹನಿ ಬಾಟ್ಲಿ ಮೇಲೆ ಬರೆದಷ್ಟು ಹಾಕಿ. ಬಾವಿ ನೀರಿಗೆ ಇದು ಬೇಡ, ಬ್ಲೀಚಿಂಗ್ ಪೌಡರ್ ಹಾಕಿದ ವಾರ ಒಂದು ಬಿಟ್ಟು.

ಇನ್ನು ತಾಮ್ರದ ವಿಷ್ಯ. ಇದನ್ನ ಯಾವ ವಿಡಿಯೋದಲ್ಲೂ ನಾನು ಕೇಳಿಲ್ಲ, ಯಾಕಂದ್ರೆ ಅವ್ರ ಮನೇಲಿ ಅಡಿಕೆ ತೋಟ ಇಲ್ಲ. ಎರಡನೇ ಸಲ ಟ್ಯಾಂಕ್ ಎಬ್ಸಿದಾಗ ಎಲ್ಲಾ ಸರಿಯಾಗೇ ಮಾಡಿದ್ದೆ. ನೀರು ಬದ್ಲಾಯ್ಸೋಕೆ ಬೇಕಾಗುತ್ತೆ ಅಂತ ಕೊಟ್ಟಿಗೆ ಪಕ್ಕ ಇದ್ದ ನೀಲಿ ಡ್ರಮ್ ತಂದು, ಎರಡು ಕೊಡ ನೀರಲ್ಲಿ ತೊಳೆದು, ಬಾವಿ ನೀರು ತುಂಬಿಸಿಟ್ಟಿದ್ದೆ. ಒಂದು ಭಾನುವಾರ ಎರಡು ಬಕೆಟ್ ಟ್ಯಾಂಕಿಗೆ ಹಾಕ್ದೆ. ಮೊದ್ಲು ಬಿದ್ದಿದ್ದು ಬಸವನಹುಳ, ಗಾಜಿಗೆ ಅಂಟ್ಕೊಂಡಿದ್ದು ಒಂದೊಂದೇ ಕಳಚಿ ಮರಳಿನ ಮೇಲೆ ಬಾಯಿ ಮೇಲೆ ಮಾಡಿ ಬಿದ್ವು. ರಾತ್ರಿಯಷ್ಟೊತ್ತಿಗೆ ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡ್ತಿದ್ವು, ಬೆಳಿಗ್ಗೆ ಹದಿನಾಲ್ಕು ಹೋಗಿದ್ವು. ಡ್ರಮ್ಮಿನ ಒಳಗೆ ಬ್ಯಾಟರಿ ಲೈಟ್ ಬಿಟ್ಟು ನೋಡಿದ್ರೆ ತಳದ ಅಂಚಲ್ಲಿ ಸುತ್ತಲೂ ತೆಳ್ಳಗೆ ನೀಲಿ ಕರೆ, ಉಗುರಲ್ಲಿ ಕೆರೆದ್ರೆ ಪುಡಿ ಬಂತು. ಅಪ್ಪಯ್ಯ ಜಗಲೀಲಿ ಕೂತು ಹೇಳಿದ್ರು, "ಅದ್ರಲ್ಲಿ ಹೋದ್ವರ್ಷ ಮೈಲುತುತ್ತ ಕರಗ್ಸಿದ್ದಲ್ಲನಾ ಮಾರಾಯ, ಕೊಳೆ ಬರ್ದಿರ ಹಾಗೆ ತಡೆಯೋ ಔಷಧಿ ನಿನ್ನ ಮೀನನ್ನ ಬಿಡ್ತದಾ?"

ಆ ಔಷಧಿ ಬೋರ್ಡೋ, ಅಡಿಕೆಗೆ ಕೊಳೆ ರೋಗ ಬರ್ದಿರ್ಲಿ ಅಂತ ಹೊಡೆಯೋದು: ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮೈಲುತುತ್ತದಲ್ಲಿ ಇರೋದು ತಾಮ್ರ. ಮೀನಿಗೆ ತಾಮ್ರ ವಿಷ, ಬಸವನಹುಳ, ಸೀಗಡಿಗೆ ಇನ್ನೂ ಕಡು ವಿಷ, ಮತ್ತೆ ಅದು ಗಡಸು ನೀರಿಗಿಂತ ಮೆದು ನೀರಲ್ಲಿ ಜಾಸ್ತಿ ಹೊಡೆಯುತ್ತೆ, ಅಂದ್ರೆ ನಮ್ಮಲ್ಲೇ ಜಾಸ್ತಿ. ಆದ್ರಿಂದ ಟ್ಯಾಂಕಿಗೆ ಅಂತ್ಲೇ ಒಂದು ಹೊಸ ಬಕೆಟ್, ಒಂದು ಮಗ್ ಬೇರೆ ಇಟ್ಕೊಳ್ಳಿ. ಔಷಧಿ ಹೊಡೆಯೋ ದಿನಗಳಲ್ಲಿ ತೋಟದಿಂದ ಬಂದೋರು ಟ್ಯಾಂಕಿಗೆ ಕೈ ಹಾಕೋದು ಬೇಡ. ಚಳಿ ಅಂತ ನೀರು ಬೆಚ್ಚಗೆ ಮಾಡೋಕೆ ಬಚ್ಚಲ ತಾಮ್ರದ ಹಂಡೆಯಿಂದ ಒಂದು ಚೆಂಬು ತೆಗೆದು ಹಾಕೋ ಅಭ್ಯಾಸ ಇದ್ರೆ ಅದನ್ನೂ ಬಿಡಿ, ಸ್ಟೀಲ್ ಪಾತ್ರೇಲಿ ಕಾಯ್ಸಿ.

ಖಾಲಿ ಟ್ಯಾಂಕ್ ಓಡ್ಸೋದು

ಇದು ಯಾರಿಗೂ ಇಷ್ಟ ಆಗದ ಹೆಜ್ಜೆ. ನಾಲ್ಕರಿಂದ ಆರು ವಾರ ಮೀನಿಲ್ದೆ ಟ್ಯಾಂಕ್ ಓಡಿಸ್ಬೇಕು. ಮನೆಗೆ ಬಂದೋರೆಲ್ಲ "ಮೀನೆಲ್ಲಿ?" ಅಂತ ಕೇಳ್ತಾರೆ, ಕೇಳ್ಲಿ.

ಮೀನಿನ ಹೊಲಸಿಂದ, ತಿನ್ನದೆ ಉಳಿದ ಊಟದಿಂದ ಅಮೋನಿಯಾ ಬರುತ್ತೆ, ಅದು ವಿಷ. ಒಂದು ಜಾತಿ ಬ್ಯಾಕ್ಟೀರಿಯಾ ಅದನ್ನ ತಿಂದು ನೈಟ್ರೈಟ್ ಮಾಡುತ್ತೆ, ಅದೂ ವಿಷಾನೇ. ಇನ್ನೊಂದು ಜಾತಿ ಅದನ್ನ ನೈಟ್ರೇಟ್ ಮಾಡುತ್ತೆ, ಇದು ಅಷ್ಟು ಕೆಟ್ಟದ್ದಲ್ಲ, ವಾರ ವಾರ ನೀರು ಬದ್ಲಾಯ್ಸಿದ್ರೆ ಹೋಗುತ್ತೆ, ಗಿಡಗಳೂ ತಗೊಳ್ತವೆ. ಈ ಬ್ಯಾಕ್ಟೀರಿಯಾ ಇರೋದು ನೀರಲ್ಲಲ್ಲ, ಫಿಲ್ಟರ್ ಸ್ಪಾಂಜಲ್ಲಿ, ಮರಳಲ್ಲಿ, ಕಲ್ಲಿನ ಮೇಲೆ. ಹಾಲಿಗೆ ಹೆಪ್ಪು ಹಾಕಿ ಕಾಯೋದಿಲ್ವಾ, ಹಂಗೇ.

ಮಾಡೋದು ಹಿಂಗೆ: ಏರ್ ಪಂಪು, ಸ್ಪಾಂಜ್ ಫಿಲ್ಟರ್ ಹಾಕಿ ಆನ್ ಮಾಡಿ, ಆಫ್ ಮಾಡ್ಬೇಡಿ. ದಿನಾ ಒಂದು ಚಿಟಿಕೆ ಮೀನಿನ ಊಟ ಖಾಲಿ ಟ್ಯಾಂಕಿಗೇ ಹಾಕಿ, ಅದು ಕೊಳೆತು ಅಮೋನಿಯಾ ಬರುತ್ತೆ. ಮೂರು ದಿನಕ್ಕೊಮ್ಮೆ ಕಿಟ್ಟಲ್ಲಿ ನೋಡಿ. ಮೊದ್ಲು ಅಮೋನಿಯಾ ಏರಿ ಇಳಿಯುತ್ತೆ, ಆಮೇಲೆ ನೈಟ್ರೈಟ್ ಏರಿ ಇಳಿಯುತ್ತೆ, ಊಟ ಹಾಕ್ತಾ ಇದ್ರೂ ಎರಡೂ ಸೊನ್ನೆ ತೋರಿಸಿದ ದಿನ ಟ್ಯಾಂಕ್ ರೆಡಿ. ಚಳೀಲಿ ಮತ್ತೆ ಪಿಎಚ್ 6.5ಕ್ಕಿಂತ ಕೆಳಗಿದ್ರೆ ಇದು ನಿಧಾನ, ಕಪ್ಪೆಚಿಪ್ಪು ಇಲ್ಲೂ ಸಹಾಯಕ್ಕೆ ಬರುತ್ತೆ. ಮೀನು ಸಾಕೋ ಸ್ನೇಹಿತ್ರಿದ್ರೆ ಅವ್ರ ಓಡ್ತಿರೋ ಫಿಲ್ಟರ್ ಸ್ಪಾಂಜಿನ ಒಂದು ತುಂಡು ಇಸ್ಕೊಂಡು ಒದ್ದೆಯಾಗೇ ತಂದು ನಿಮ್ಮ ಫಿಲ್ಟರಿಗೆ ಸಿಕ್ಸಿ, ಅರ್ಧಕ್ಕರ್ಧ ಟೈಮ್ ಉಳಿದ್ರೂ ಉಳೀಬಹುದು. ಅವ್ರ ಟ್ಯಾಂಕಲ್ಲಿ ರೋಗ ಇಲ್ಲ ಅಂತ ನೋಡ್ಕೊಂಡು ತಗೊಳ್ಳಿ ಅಷ್ಟೆ.

ಕಾಯೋ ವಾರಗಳಲ್ಲಿ ಗಿಡ ಹಾಕಿ. ಕೆರೇಲಿ ಸಿಗೋ ಹೈಡ್ರಿಲ್ಲಾನೂ ಆಗುತ್ತೆ, ಆದ್ರೆ ತಂದ ತಕ್ಷಣ ಹಾಕ್ದೆ ಒಂದು ವಾರ ಬಕೆಟಲ್ಲಿಟ್ಟು ದಿನಾ ಜಾಡಿಸಿ ತೊಳೀರಿ. ಜಿಗಣೆ, ಏರೋಪ್ಲೇನ್ ಚಿಟ್ಟೆ ಮರಿ ಬರುತ್ತೆ, ಆ ಚಿಟ್ಟೆ ಮರಿ ಸಣ್ಣ ಮೀನನ್ನ ಹಿಡ್ಕೊಂಡು ತಿನ್ನುತ್ತೆ.

ಈಗ ಮೀನು

ಅಂಗಡೀಲಿ ಇರೋ ಮೀನು ಮರಿ ಅನ್ನೋದು ಮೊದಲು ತಲೇಲಿ ಇರ್ಲಿ. ಎರಡಿಂಚಿನ ಸಕ್ಕರ್ ಒಂದಡಿ ಮೀರಿ ಬೆಳೆಯುತ್ತೆ, ಗಾಜು ಕ್ಲೀನ್ ಮಾಡೋದಕ್ಕಿಂತ ಹೊಲಸು ಮಾಡೋದೇ ಜಾಸ್ತಿ. ಗೋಲ್ಡ್ ಫಿಶ್ ಗೇಣುದ್ದ ಆಗುತ್ತೆ. ಶಾರ್ಕ್ ಅಂತ ಮಕ್ಕಳಿಗೆ ತೋರ್ಸಿ ಮಾರ್ತಾರಲ್ಲ, ಬೆಳ್ಳಿ ಬಣ್ಣದ್ದು, ಅದು ಪಂಗಾಸಿಯಸ್, ತಿನ್ನೋಕೆ ಸಾಕೋ ಮೀನು, ಒಂದು ಮೀಟರ್ ಮೇಲೆ ಬೆಳೆಯೋ ಜಾತಿ. ಆಸ್ಕರ್, ಏಂಜಲ್, ಇವೂ ಎರಡಡಿ ಟ್ಯಾಂಕಿನವಲ್ಲ. ಟೈಗರ್ ಬಾರ್ಬ್ ನೋಡೋಕೆ ಚೆಂದ, ಬೇರೆ ಮೀನಿನ ರೆಕ್ಕೆ ಕಚ್ಚಿ ಕಚ್ಚಿ ಹರೀತವೆ.

ಮೆದು ನೀರು, ಹೀಟರ್ ಇಲ್ಲ ಅನ್ನೋರಿಗೆ ನಾನು ಹೇಳೋದು ಜೀಬ್ರಾ ಡೇನಿಯೋ. ನಮ್ಮ ದೇಶದ್ದೇ ಮೀನು, ನಾಲ್ಕು ಸೆಂಟಿಮೀಟರ್ ಆಗುತ್ತೆ, ನೀರು 18 ಡಿಗ್ರಿಗೆ ಇಳಿದ್ರೂ ಓಡಾಡ್ಕೊಂಡೇ ಇರುತ್ತೆ. ಎಂಟು ತನ್ನಿ, ಎರಡು ಮೂರು ತಂದ್ರೆ ಒಂದನ್ನೊಂದು ಅಟ್ಟಿಸ್ಕೊಂಡು ಹೋಗ್ತಾ ಇರ್ತವೆ. ಯಾವಾಗ್ಲೂ ಮೇಲುಗಡೆ ಈಜೋ ಮೀನು, ಹಾರುತ್ತೆ ಕೂಡ, ಮುಚ್ಚಳ ಬೇಕು.

ಹೀಟರ್ ಹಾಕ್ತೀನಿ ಅಂದ್ರೆ ನಮ್ಮ ನೀರು ಚಿನ್ನ. ನಿಯಾನ್ ಟೆಟ್ರಾ ಮೂಲದಲ್ಲಿ ಅಮೆಜಾನ್ ಕಡೆ ಮೆದು, ಆಮ್ಲದ ನೀರಿನ ಮೀನು, ಬೇರೆಯವ್ರು ಆರ್‌ಒ ನೀರು ಬೆರೆಸಿ ಸಾಕೋದನ್ನ ನಾವು ಬಾವಿಯಿಂದ ಸೇದಿ ಸಾಕ್ಬಹುದು. ಹತ್ತು ನಿಯಾನ್, ಐದು ಚೆರ್ರಿ ಬಾರ್ಬ್, ಅಷ್ಟು ಸಾಕು ಎರಡಡಿಗೆ. ಚೆರ್ರಿ ಬಾರ್ಬ್ ಶ್ರೀಲಂಕಾದ್ದು, ಜಗಳ ಇಲ್ಲ, ಗಂಡು ಕೆಂಪಾದ್ರೆ ಕೋಕಂ ಬಣ್ಣ. ಬಾರ್ಬ್ ಬದ್ಲು ಒಂದು ಜೊತೆ ಹನಿ ಗೌರಾಮಿ ಅನ್ನೋ ಮೀನೂ ಆಗುತ್ತೆ. ನಿಯಾನನ್ನ ಹೊಸ ಟ್ಯಾಂಕಿಗೆ ಮೊದ್ಲನೇ ಮೀನಾಗಿ ಹಾಕ್ಬೇಡಿ, ಬಾರ್ಬ್ ಮೊದ್ಲು, ತಿಂಗಳೊಂದು ಕಳೆದ್ಮೇಲೆ ನಿಯಾನ್.

ಫೈಟರ್ ಇಷ್ಟ ಅನ್ನೋರು ಒಂದೇ ಒಂದು ಗಂಡು ಸಾಕಿ, ಇಪ್ಪತ್ತು ಲೀಟರ್ ನೀರಾದ್ರೂ ಕೊಡಿ, ಅಂಗಡೀಲಿ ಲೋಟದಲ್ಲಿ ಇಟ್ಟಿರ್ತಾರೆ ಅಂತ ನೀವೂ ಲೋಟದಲ್ಲಿ ಇಡ್ಬೇಡಿ. ಒಣಗಿದ ಕಾಡು ಬಾದಾಮಿ ಎಲೆ ಒಂದು ತೊಳೆದು ಹಾಕಿದ್ರೆ ನೀರು ಚಾ ಡಿಕಾಕ್ಷನ್ ಬಣ್ಣ ಬರುತ್ತೆ, ಅದಕ್ಕೆ ಅದು ಇಷ್ಟ.

ಗಪ್ಪಿ ಬೇಕೇ ಬೇಕು ಅನ್ನೋರು, ಬೋರ್ ನೀರು ಗಡಸಿದ್ರೆ ಆರಾಮಾಗಿ ಸಾಕಿ. ಮೆದು ನೀರಾದ್ರೆ ಕಪ್ಪೆಚಿಪ್ಪು ಜಾಸ್ತಿ ಹಾಕಿ, ನಿಮ್ಮೂರಲ್ಲೇ ಮರಿ ಹಾಕಿ ಬೆಳೆದ ಗಪ್ಪಿ ಯಾರ ಹತ್ರಾನಾದ್ರೂ ಸಿಗುತ್ತಾ ನೋಡಿ, ಅವು ನೀರಿಗೆ ಹೊಂದ್ಕೊಂಡಿರ್ತವೆ. ಒಂದು ಗಂಡಿಗೆ ಮೂರು ಹೆಣ್ಣು. ಒಂದು ಸಲ ಕೂಡಿದ್ರೆ ಹೆಣ್ಣು ಆಮೇಲೆ ಗಂಡಿಲ್ದೇನೂ ಕೆಲವು ತಿಂಗಳು ಮರಿ ಹಾಕ್ತಾ ಹೋಗುತ್ತೆ, ಆ ಮರಿ ಎಲ್ಲಿ ಕೊಡ್ತೀರಿ ಅಂತ ಮೊದ್ಲೇ ಯೋಚ್ನೆ ಮಾಡಿ. ಬಾವಿಗೆ, ಕೆರೆಗೆ, ತುಂಗೆಗೆ ಬಿಡೋದು ಮಾತ್ರ ಬೇಡ, ಸಕ್ಕರನ್ನಂತೂ ಬಿಡ್ಲೇಬೇಡಿ, ಅದು ಹೊಳೆ ಮೀನಿನ ಊಟ, ಜಾಗ ಎರಡೂ ಕಿತ್ಕೊಳ್ಳುತ್ತೆ. ನನ್ನ ಸಕ್ಕರನ್ನ ಆರಡಿ ಟ್ಯಾಂಕ್ ಇರೋ ಪರಿಚಯದವ್ರಿಗೆ ಕೊಟ್ಟೆ, ತಗೊಳ್ಳೋರು ಸಿಗೋಕೆ ಎಂಟು ತಿಂಗಳಾಯ್ತು.

ಹೊಳೆ ಮೀನು ತಂದು ಸಾಕ್ಬಹುದಾ ಅಂತ ಮಕ್ಕಳು ಕೇಳೇ ಕೇಳ್ತಾರೆ. ಮೊದಲ ಮಳೆಗೆ ಹತ್ತುಮೀನು, ಅಂದ್ರೆ ಹರಿಯೋ ನೀರಿಗೆ ಎದುರಾಗಿ ಹತ್ತಿ ಬರೋ ಮೀನು, ಏರೋವಾಗ ಬಕೆಟ್ ಹಿಡ್ಕೊಂಡು ಓಡಿದ್ದು ನಮಗೂ ನೆನಪಿದೆ. ಅವು ಮೊಟ್ಟೆ ಇಡೋಕೆ ಹೊರಟ ಮೀನು, ಹರಿಯೋ ನೀರಿನ ಮೀನು, ಗಾಜಿನ ಡಬ್ಬೀಲಿ ಎರಡು ದಿನ ಬಾಳಲ್ಲ. ಚಿಬ್ಬಲಗುಡ್ಡೇಲೋ ಶೃಂಗೇರೀಲೋ ತುಂಗೆ ದಡಕ್ಕೆ ಕರ್ಕೊಂಡು ಹೋಗಿ, ಅಲ್ಲಿರೋ ದೇವರ ಮೀನಿಗೆ ಮಂಡಕ್ಕಿ ಹಾಕಿ ತೋರ್ಸಿ.

ಮನೆಗೆ ತರೋದು, ಬಿಡೋದು

ಅಂಗಡೀಲಿ ಆ ಟ್ಯಾಂಕಲ್ಲಿ ಒಂದಾದ್ರೂ ಸತ್ತ ಮೀನು ತೇಲ್ತಿದ್ರೆ, ಮೈಮೇಲೆ ರವೆ ಉದುರ್ಸಿದಂಗೆ ಬಿಳಿ ಚುಕ್ಕೆ ಇದ್ರೆ, ಆ ಟ್ಯಾಂಕಿಂದ ಏನೂ ತಗೋಬೇಡಿ. "ಅಣ್ಣಾ ಇವಕ್ಕೆ ಸ್ವಲ್ಪ ಊಟ ಹಾಕಿ ನೋಡಣ" ಅನ್ನಿ, ಬಂದು ತಿನ್ನೋದನ್ನೇ ಹಿಡಿಸಿ. ಇವತ್ತೇ ಲೋಡ್ ಬಂದಿದ್ರೆ ವಾರ ಬಿಟ್ಟು ಹೋಗಿ, ಮೀನುಗಳು ದೂರದಿಂದ ಚೀಲದಲ್ಲಿ ಬಂದು ಸುಸ್ತಾಗಿರ್ತವೆ.

ಬಸ್ಸಲ್ಲಿ ತರೋರು ಕವರನ್ನ ಪೇಪರಲ್ಲಿ ಸುತ್ತಿ ಬಟ್ಟೆ ಬ್ಯಾಗಲ್ಲಿ ಇಟ್ಕೊಳ್ಳಿ, ಕತ್ತಲಲ್ಲಿ ಗಾಬರಿ ಕಮ್ಮಿ. ಮನೇಲಿ ಟ್ಯಾಂಕ್ ಲೈಟ್ ಆಫ್ ಮಾಡಿ, ಕಟ್ಟಿದ ಕವರ್ ಹಂಗೇ ಇಪ್ಪತ್ತು ನಿಮಿಷ ತೇಲಿಸಿ, ಆಮೇಲೆ ಬಾಯಿ ಬಿಚ್ಚಿ ಹತ್ತು ನಿಮಿಷಕ್ಕೊಂದು ಸಣ್ಣ ಲೋಟ ಟ್ಯಾಂಕ್ ನೀರು ಹಾಕ್ತಾ ಬನ್ನಿ, ಮೂರು ನಾಲ್ಕು ಲೋಟ ಆದ್ಮೇಲೆ ಬಲೇಲಿ ಮೀನು ಮಾತ್ರ ಎತ್ತಿ ಬಿಡಿ. ಕವರ್ ನೀರು ಗಿಡಕ್ಕೆ ಹೋಗ್ಲಿ, ಟ್ಯಾಂಕಿಗೆ ಬೇಡ. ಅವತ್ತು ಊಟ ಇಲ್ಲ.

ಎಲ್ಲಾ ಒಂದೇ ದಿನ ತರ್ಬೇಡಿ. ಮೊದ್ಲು ಐದಾರು, ಎರಡು ವಾರ ಬಿಟ್ಟು ಮತ್ತೆ ಐದಾರು. ಬ್ಯಾಕ್ಟೀರಿಯಾ ಎಷ್ಟು ಮೀನಿಗೆ ಆಗೋಷ್ಟಿದ್ಯೋ ಅಷ್ಟೇ ತಡೆಯುತ್ತೆ, ನಾಲ್ಕು ಜನಕ್ಕೆ ಅನ್ನ ಇಟ್ಟ ದಿನ ಹತ್ತು ಜನ ನೆಂಟ್ರು ಬಂದಂಗಾಗ್ಬಾರ್ದು.

ಆಮೇಲಿನ ಕೆಲ್ಸ

ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗ್ಸೋಷ್ಟು ಊಟ, ವಾರಕ್ಕೊಂದು ದಿನ ಉಪವಾಸ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದ್ಲಾವಣೆ, ಅಂದ್ರೆ ಹತ್ತು ಹನ್ನೆರಡು ಲೀಟರ್. ಫಿಲ್ಟರ್ ಸ್ಪಾಂಜನ್ನ ನಲ್ಲಿ ಕೆಳಗೆ ಹಿಡಿದು ತೊಳೆದ್ರೆ ಕ್ಲೋರಿನ್ನಿಗೆ ಬ್ಯಾಕ್ಟೀರಿಯಾ ಸತ್ತು ಮತ್ತೆ ಮೊದಲಿಂದ, ಅದಕ್ಕೆ ಟ್ಯಾಂಕಿಂದ ತೆಗೆದ ನೀರಲ್ಲೇ ಎರಡು ಸಲ ಹಿಂಡಿ ವಾಪಸ್ ಹಾಕಿ.

ಹೀಟರ್ 45 ಲೀಟರಿಗೆ 50 ವ್ಯಾಟ್ ಸಾಕು, 25 ಡಿಗ್ರಿಗೆ ಇಡಿ, ನೀರು ತೆಗೆಯೋ ಮುಂಚೆ ಆಫ್ ಮಾಡಿ, ಇಲ್ದಿದ್ರೆ ಹೀಟರ್ ಗಾಜು ಒಡೀಬಹುದು. ಮಳೆಗಾಲದಲ್ಲಿ ನಮ್ಮ ಕಡೆ ಲೈನ್ ಮೇಲೆ ಮರ ಬಿದ್ರೆ ಕರೆಂಟ್ ಯಾವಾಗ ಬರುತ್ತೋ ದೇವ್ರಿಗೇ ಗೊತ್ತು, ಹಾಗಾಗಿ ಹೊಸ ಟ್ಯಾಂಕ್ ಜೂನ್ ಜುಲೈಲಿ ಶುರು ಮಾಡ್ಬೇಡಿ. ಏರ್ ಪಂಪ್ ನೀರಿನ ಮಟ್ಟಕ್ಕಿಂತ ಮೇಲೆ ಇಡಿ, ಕೆಳಗಿದ್ರೆ ಕರೆಂಟ್ ಹೋದಾಗ ಪೈಪಲ್ಲಿ ನೀರು ವಾಪಸ್ ಇಳಿದು ಪಂಪ್ ಹಾಳು, ನೆಲ ಒದ್ದೆ. ಯುಪಿಎಸ್ ಇದ್ರೆ ಪಂಪನ್ನ ಅದಕ್ಕೆ ಸಿಕ್ಸಿ, ಇಲ್ಲಾಂದ್ರೆ ಬ್ಯಾಟರಿ ಪಂಪ್ ಒಂದು ತಂದಿಡಿ, ಅದೂ ಇಲ್ದಿದ್ರೆ ಗಂಟೆಗೊಮ್ಮೆ ಮಗ್ಗಲ್ಲಿ ನೀರು ಎತ್ತಿ ಒಂದಡಿ ಮೇಲಿಂದ ಹತ್ತು ಸಲ ಸುರೀರಿ. ಊಟ ಅವತ್ತು ಬಂದ್. ಏಪ್ರಿಲ್ ಬಿಸಿಲಿಗೆ ಮುಚ್ಚಳ ಸ್ವಲ್ಪ ಸರಿಸಿ, ಅಲ್ಲಿಗೆ ನೆಟ್ ಬಿಗಿದು ಫ್ಯಾನ್ ಬಿಟ್ರೆ ಎರಡು ಡಿಗ್ರಿ ಇಳಿಯುತ್ತೆ.

ಮದ್ವೆಗೋ ತಿಥಿಗೋ ಊರಿಗೆ ಹೋಗೋದಿದ್ರೆ ನಾಲ್ಕೈದು ದಿನ ಊಟ ಹಾಕ್ದಿದ್ರೂ ಬೆಳೆದ ಮೀನಿಗೆ ಏನೂ ಆಗಲ್ಲ. ಪಕ್ಕದ ಮನೆಯವ್ರಿಗೆ ಡಬ್ಬಿ ಕೊಟ್ಟು ಹೋಗ್ಬೇಡಿ, ಪಾಪ ಹಸಿವಾಗಿರ್ತದೆ ಅಂತ ಮುಷ್ಟಿಗಟ್ಲೆ ಹಾಕಿ ನೀರನ್ನ ಗಂಜಿ ಮಾಡಿರ್ತಾರೆ. ಕೊಡ್ಲೇಬೇಕು ಅಂದ್ರೆ ದಿನಕ್ಕೊಂದರಂತೆ ಪೇಪರಲ್ಲಿ ಪೊಟ್ಟಣ ಕಟ್ಟಿ ಮೇಲೆ ವಾರ ಬರೆದಿಡಿ, ಡಬ್ಬೀನ ನೀವೇ ಬೀರುವಿನೊಳಗೆ ಇಟ್ಟು ಬೀಗ ಹಾಕ್ಕೊಂಡು ಹೋಗಿ.